ಕ್ಲೌಡ್ ಉಗ್ರಾಣಗಳ ನಡುವೆ ಕಡತಗಳ ಸ್ಥಳಾಂತರ

ಗಣಕಯಂತ್ರದಲ್ಲಿ ಶೇಖರವಾಗುವ ‘ಫೈಲ್’ ಎಂಬುದಕ್ಕೆ ಕನ್ನಡದಲ್ಲಿ ‘ಕಡತ’ ಎಂಬ ಪದವು ರೂಢಿಗೆ ಬಂದಿದೆ. ಚರಿತ್ರೆಯ ವ್ಯಾಸಂಗ ಮಾಡುವವರಿಗೆ ಈ ಪದವು ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆದ ಲೆಕ್ಕಪತ್ರಗಳಿಗೆ ಹಿಂದೆ ಕಡತಗಳೆಂದು ಹೆಸರು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ಕಡತಗಳು ಎಷ್ಟು ಮುಖ್ಯವಾದ ಆಧಾರಗಳೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಅಂತಹ ಕಡತವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ದರೆ ಅದು ಮೊದಲ ಊರಿನಲ್ಲಿ ಇರುತ್ತಿರಲಿಲ್ಲ. ವಸ್ತುವೊಂದು ಸ್ಥಳವನ್ನು ಬದಲಿಸಿತೆಂದರೆ ಇಷ್ಟೇ ಅರ್ಥ. ಈಗಿನ ಕಡತದ ಸಂಗತಿ ಬೇರೆ. ಒಂದು ಕ್ಲೌಡ್ ಉಗ್ರಾಣದಿಂದ ಇನ್ನೊಂದಕ್ಕೆ ಕಡತವನ್ನು ‘ಸಾಗಿಸಿದೆವು’ ಎಂದು ನಾವು ಹೇಳುವಾಗ ನಿಜವಾಗಿ ಏನೂ ಸಾಗಿರುವುದಿಲ್ಲ. ಎರಡನೆಯ ಉಗ್ರಾಣದಲ್ಲಿ ಒಂದು ಪ್ರತಿ ಹುಟ್ಟುತ್ತದೆ. ಆ ಬಳಿಕ ಮೊದಲನೆಯದರಲ್ಲಿದ್ದುದನ್ನು ಯಾರೋ ಅಳಿಸುತ್ತಾರೆ, ಅಥವಾ ಅಳಿಸದೆ ಬಿಡುತ್ತಾರೆ. ಸ್ಥಳಾಂತರವೆಂಬುದು ಇಲ್ಲಿ ಪ್ರತಿಲೇಖನ ಮತ್ತು ನಾಶ ಎಂಬ ಎರಡು ಕ್ರಿಯೆಗಳ ಜೋಡಣೆಯಾಗಿದೆ. ಪ್ರತಿಲೇಖನವೆಂದ ಮೇಲೆ, ಮೂಲದಲ್ಲಿದ್ದುದೆಲ್ಲವೂ ಪ್ರತಿಗೆ ಬಂದಿತೇ ಎಂಬ ಪ್ರಶ್ನೆ ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಹೇಗೋ ಹಾಗೆಯೇ ಇಲ್ಲಿಯೂ ಏಳುತ್ತದೆ.

ಕ್ಲೌಡ್ ಎಂದರೆ ಮೇಘವೆಂದು ಅರ್ಥವಾದರೂ ಈ ಉಗ್ರಾಣಗಳಲ್ಲಿ ಮೇಘಸದೃಶವಾದುದು ಏನೂ ಇಲ್ಲ. ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ ಸಾಲಾಗಿ ಜೋಡಿಸಿದ ಯಂತ್ರಗಳು, ಅವುಗಳಲ್ಲಿ ತಿರುಗುವ ತಟ್ಟೆಗಳು, ಅವುಗಳಿಗೆ ಒಬ್ಬ ಒಡೆಯ, ಆ ಒಡೆಯನಿಗೆ ಒಂದು ದರಪಟ್ಟಿ, ಇಷ್ಟೇ ಇರುವುದು. ಈ ಉಗ್ರಾಣಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅವುಗಳ ವಿಸ್ತಾರವನ್ನೂ ವೇಗವನ್ನೂ ವರ್ಣಿಸಿದ್ದಾರೆ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯ ಇತಿಹಾಸವು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಆ ದಾರಿಯು ತಂತ್ರಜ್ಞಾನದ ಕೊರತೆಯಿಂದ ಮುಚ್ಚಿದ್ದುದೂ ಅಲ್ಲ, ತಂತ್ರಜ್ಞಾನದ ಬೆಳವಣಿಗೆಯಿಂದಲೇ ತೆರೆದುದೂ ಅಲ್ಲ ಎಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಮೊದಲು ಉಗ್ರಾಣಗಳು ತಲೆಯೆತ್ತಿದ ಕ್ರಮವನ್ನು ಸಂಕ್ಷೇಪವಾಗಿ ನೋಡಬಹುದು. ಅಮೆಜಾನ್ ಸಂಸ್ಥೆಯು ‘ಎಸ್೩’ ಎಂಬ ಸೇವೆಯನ್ನು ೨೦೦೬ರ ಮಾರ್ಚ್ ೧೪ರಂದು ಪ್ರಾರಂಭಿಸಿತು. ಇದು ಮುಖ್ಯವಾಗಿ ತಂತ್ರಾಂಶ ರಚಿಸುವವರಿಗಾಗಿ ಇದ್ದ ಸಗಟು ಉಗ್ರಾಣ. ಮೈಕ್ರೋಸಾಫ್ಟಿನ ಸ್ಕೈಡ್ರೈವ್ ೨೦೦೭ರಲ್ಲಿ ಬಂದಿತು. ಡ್ರಾಪ್‌ಬಾಕ್ಸ್ ೨೦೦೭ರಲ್ಲಿ ಸ್ಥಾಪಿತವಾಗಿ ೨೦೦೮ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆಪಲ್ ಸಂಸ್ಥೆಯ ಐಕ್ಲೌಡ್ ೨೦೧೧ರಲ್ಲಿ, ಗೂಗಲ್ ಡ್ರೈವ್ ೨೦೧೨ರ ಏಪ್ರಿಲ್ ೨೪ರಂದು ಕಾಣಿಸಿಕೊಂಡವು. (ಸ್ಕೈಡ್ರೈವ್ ಎಂಬ ಹೆಸರಿನ ವಿಷಯವಾಗಿ ಬ್ರಿಟನ್ನಿನ ದೂರದರ್ಶನ ಸಂಸ್ಥೆಯೊಂದು ದಾವೆ ಹೂಡಿ ಗೆದ್ದುದರಿಂದ ಅದು ೨೦೧೪ರಲ್ಲಿ ಒನ್‌ಡ್ರೈವ್ ಆಯಿತು. ಮುಂದೆ ಈ ಕಾಲದ ದಾಖಲೆಗಳನ್ನು ಓದುವವರು ಇವೆರಡೂ ಒಂದೇ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.) ಇವುಗಳಲ್ಲಿ ಪ್ರತಿಯೊಂದೂ ಹೊಸಬರು ಒಳಗೆ ಬರುವ ಬಾಗಿಲನ್ನು ಬಹು ಅಗಲವಾಗಿ ಕಟ್ಟಿತು. ಒಂದರಿಂದ ಇನ್ನೊಂದಕ್ಕೆ ನೇರವಾದ ದಾರಿಯನ್ನು ಯಾರೂ ಕಟ್ಟಲಿಲ್ಲ.

ಹೀಗಿರುವಲ್ಲಿ ಸ್ಥಳ ಬದಲಿಸಬೇಕೆಂದವನಿಗೆ ಇದ್ದ ಮಾರ್ಗವು ಒಂದೇ. ಎಲ್ಲವನ್ನೂ ತನ್ನ ಮನೆಯ ಗಣಕಯಂತ್ರಕ್ಕೆ ಇಳಿಸಿಕೊಂಡು ಪುನಃ ಇನ್ನೊಂದೆಡೆಗೆ ಏರಿಸಬೇಕು. ಒಂದು ಟೆರಾಬೈಟು ದತ್ತಾಂಶವನ್ನು ಸೆಕೆಂಡಿಗೆ ೧೦೦ ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಎಲ್ಲಿಯೂ ನಿಲ್ಲದಂತೆ ಕಳುಹಿಸಿದರೆ ೮೦,೦೦೦ ಸೆಕೆಂಡುಗಳು, ಅಂದರೆ ಸುಮಾರು ೨೨ ಗಂಟೆಗಳು ಬೇಕು. ಇಳಿಸಲು ಒಮ್ಮೆ, ಏರಿಸಲು ಇನ್ನೊಮ್ಮೆ. ಏರಿಸುವ ವೇಗವು ಇಳಿಸುವ ವೇಗದ ಹತ್ತನೆಯ ಒಂದು ಭಾಗವಿದ್ದರೆ ಎರಡನೆಯ ಪಯಣಕ್ಕೆ ಒಂಬತ್ತು ದಿನಗಳಾಗುತ್ತವೆ. ಒಂದು ವಿಭಾಗದ ಶಾಸನಚಿತ್ರಗಳೂ ಹಸ್ತಪ್ರತಿಗಳ ಛಾಯಾಪ್ರತಿಗಳೂ ಸೇರಿ ನೂರು ಟೆರಾಬೈಟಿನಷ್ಟಾದರೆ ಮೊದಲು ಹೇಳಿದ ವೇಗದಲ್ಲಿಯೇ ೯೨ ದಿನಗಳಿಗೂ ಹೆಚ್ಚು ಕಾಲ ಹಿಡಿಯುವುದು.

ಹೊರಗೆ ಹೋಗುವ ಬಾಗಿಲನ್ನು ಸ್ವಯಂಪ್ರೇರಣೆಯಿಂದ ತೆರೆದವರಲ್ಲಿ ಗೂಗಲ್ಲಿನ ಒಂದು ಸಣ್ಣ ತಂಡವನ್ನು ಇಲ್ಲಿ ಸ್ಮರಿಸಬೇಕು. ಷಿಕಾಗೋ ನಗರದ ಅದರ ಕಚೇರಿಯಲ್ಲಿ ಬ್ರಯನ್ ಫಿಟ್ಸ್‌ಪ್ಯಾಟ್ರಿಕ್ ಎಂಬ ತಂತ್ರಜ್ಞರು ೨೦೦೭ರಲ್ಲಿ ಇದನ್ನು ಕಟ್ಟಿ ‘ದತ್ತಾಂಶ ವಿಮೋಚನಾ ರಂಗ’ವೆಂಬ ಅರ್ಥ ಬರುವ, ಅರ್ಧ ಹಾಸ್ಯದ ಹೆಸರನ್ನಿಟ್ಟರು. ೨೦೧೧ರ ಜೂನ್ ೨೮ರಂದು ಈ ತಂಡದಿಂದ ‘ಟೇಕ್‌ಔಟ್’ ಎಂಬ ಸೇವೆಯು ಹೊರಬಂದಿತು. ಬಳಕೆದಾರನು ಕೇಳಿದೊಡನೆ ಅವನ ಸಾಮಗ್ರಿಯನ್ನು ಗಂಟು ಕಟ್ಟಿ ಕೈಗೆ ಕೊಡುವುದೇ ಅದರ ಕೆಲಸ. ಪ್ರಶಂಸನೀಯವಾದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಗಂಟನ್ನು ಹೊತ್ತು ಎಲ್ಲಿಗೆ ಹೋಗಬೇಕು, ಹೋದಲ್ಲಿ ಅದನ್ನು ಬಿಚ್ಚುವವರಾರು ಎಂಬುದು ಹೊತ್ತವನ ಪಾಲಿಗೇ ಉಳಿಯಿತು. ಛಾಯಾಚಿತ್ರಗಳ ಗಂಟಿನಲ್ಲಿ ಬಳಕೆದಾರನು ಚಿತ್ರಕ್ಕೆ ಬರೆದ ವಿವರಣೆ, ತಿದ್ದಿದ ದಿನಾಂಕ ಮುಂತಾದುವು ಚಿತ್ರದೊಳಗೆ ಇರದೆ ಪಕ್ಕದಲ್ಲಿ ಒಂದು ಚೀಟಿಯಂತಹ ಪ್ರತ್ಯೇಕ ಕಡತದಲ್ಲಿರುತ್ತವೆ. ಚೀಟಿಯನ್ನು ಓದಲರಿಯದ ಉಗ್ರಾಣವು ಚಿತ್ರವನ್ನು ಮಾತ್ರ ಒಳಗೆ ಸೇರಿಸಿಕೊಂಡು ಚೀಟಿಯನ್ನು ಬಿಟ್ಟುಬಿಡುತ್ತದೆ.

ಎಲ್ಲರಿಗೂ ಒಪ್ಪುವ ಒಂದು ಭಾಷೆಯನ್ನು ರಚಿಸುವ ಯತ್ನವೂ ನಡೆಯದೆ ಇರಲಿಲ್ಲ. ಉಗ್ರಾಣ ಉದ್ಯಮದವರ ಸಂಘವೊಂದು ೨೦೧೦ರಲ್ಲಿ ಸಿದ್ಧಪಡಿಸಿದ ‘ಸಿಡಿಎಂಐ’ ಎಂಬ ನಿಯಮಾವಳಿಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೨೦೧೨ರಲ್ಲಿ ಅಂಗೀಕರಿಸಿತು. ಆದಾಗ್ಯೂ ಪೇಟೆಯಲ್ಲಿ ಗೆದ್ದುದು ಆ ನಿಯಮಾವಳಿಯಲ್ಲ. ಅಮೆಜಾನಿನ ಎಸ್೩ ಯಾವ ಪದಗಳಲ್ಲಿ ‘ಇದನ್ನು ಇಡು, ಅದನ್ನು ಕೊಡು’ ಎಂಬ ಆಜ್ಞೆಗಳನ್ನು ಸ್ವೀಕರಿಸುತ್ತಿತ್ತೋ ಆ ಪದಗಳನ್ನೇ ಅದರ ಸ್ಪರ್ಧಿಗಳೂ ಅನುಸರಿಸಿದರು. ಶಾಸ್ತ್ರಕ್ಕಿಂತ ರೂಢಿಯು ಬಲವಾದುದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಈ ಕ್ಷೇತ್ರದಲ್ಲಿ ದೊರೆಯಲಾರದು.

ಸ್ಥಳಾಂತರದ ಪ್ರಶ್ನೆಯನ್ನು ಜನರ ಮುಂದೆ ತಂದು ನಿಲ್ಲಿಸಿದುದು ಉಗ್ರಾಣಗಳ ಅವಸಾನ. ೨೦೧೨ರ ಜನವರಿ ೧೯ರಂದು ಅಮೆರಿಕ ಸರ್ಕಾರವು ಕೃತಿಚೌರ್ಯದ ಆಪಾದನೆಯ ಮೇಲೆ ಮೆಗಾಅಪ್‌ಲೋಡ್ ಎಂಬ ಉಗ್ರಾಣವನ್ನು ಮುಚ್ಚಿಸಿತು. ಆಪಾದಿತರ ಸಾಮಗ್ರಿಯ ಜೊತೆಯಲ್ಲಿ, ತಮ್ಮದೇ ಆದ ನ್ಯಾಯವಾದ ಕಡತಗಳನ್ನು ಅಲ್ಲಿಟ್ಟಿದ್ದವರ ಸಾಮಗ್ರಿಯೂ ಬೀಗದೊಳಗಾಯಿತು. ಅದನ್ನು ಹಿಂದಕ್ಕೆ ಪಡೆಯಲು ನ್ಯಾಯಾಲಯದ ಮೆಟ್ಟಿಲೇರಿದವರೂ ಉಂಟು. ೨೦೧೩ರ ಸೆಪ್ಟೆಂಬರ್ ಮಧ್ಯಭಾಗದಲ್ಲಿ ನಿರ್ವಾನಿಕ್ಸ್ ಎಂಬ ಉಗ್ರಾಣವು ತನ್ನ ಗಿರಾಕಿಗಳಿಗೆ ಆ ತಿಂಗಳ ಕೊನೆಯೊಳಗೆ ಎಲ್ಲವನ್ನೂ ತೆಗೆದುಕೊಂಡು ಹೋಗಬೇಕೆಂದು ತಿಳಿಸಿತು. ಈ ಗಿರಾಕಿಗಳು ಸಾಮಾನ್ಯ ಗೃಹಸ್ಥರಲ್ಲ, ಅಪಾರ ದತ್ತಾಂಶವನ್ನಿಟ್ಟಿದ್ದ ದೊಡ್ಡ ಸಂಸ್ಥೆಗಳು. ನಾವು ಮೇಲೆ ಮಾಡಿದ ಲೆಕ್ಕವನ್ನು ನೆನಪಿಗೆ ತಂದುಕೊಂಡರೆ ಎರಡು ವಾರಗಳ ಗಡುವಿನ ಅರ್ಥವು ತಾನೇ ತಿಳಿಯುತ್ತದೆ. ಗಡುವನ್ನು ಅಕ್ಟೋಬರ್ ೧೫ರವರೆಗೆ ಬೆಳೆಸಿದರಾದರೂ ಆ ವೇಳೆಗಾಗಲೇ ಸಂಸ್ಥೆಯು ದಿವಾಳಿಯ ಅರ್ಜಿಯನ್ನು ಸಲ್ಲಿಸಿತ್ತು. ಇದಕ್ಕೆ ಹೋಲಿಸಿದರೆ ಉಬುಂಟು ಒನ್ ಸೌಜನ್ಯದಿಂದ ನಡೆದುಕೊಂಡಿತೆನ್ನಬೇಕು: ೨೦೧೪ರ ಏಪ್ರಿಲ್ ತಿಂಗಳಲ್ಲಿ ಮುಚ್ಚುವ ಸುದ್ದಿಯನ್ನು ಸಾರಿ, ಜುಲೈ ಕೊನೆಯವರೆಗೆ ಇಳಿಸಿಕೊಳ್ಳಲು ಅವಕಾಶ ಕೊಟ್ಟಿತು. ಕಾಪಿ ಎಂಬ ಉಗ್ರಾಣವು ೨೦೧೬ರಲ್ಲಿ ಮುಚ್ಚಿತು. ಬೇರೆ ಕೆಲವು ಹೆಸರುಗಳನ್ನೂ ಇಲ್ಲಿ ಪಟ್ಟಿ ಮಾಡಬಹುದಾಗಿದೆ. ಕಥೆಯೆಲ್ಲ ಹೆಚ್ಚು ಕಡಿಮೆ ಒಂದೇ.

ಇದೇ ಕಾಲದಲ್ಲಿ ಉಗ್ರಾಣದ ಒಡೆಯನೇ ಮನೆ ಬದಲಿಸಿದ ಒಂದು ಪ್ರಸಂಗವಿದೆ. ಡ್ರಾಪ್‌ಬಾಕ್ಸ್ ಪ್ರಾರಂಭದಿಂದಲೂ ಗಿರಾಕಿಗಳ ಕಡತಗಳ ಒಡಲನ್ನು ಅಮೆಜಾನಿನ ಎಸ್೩ಯಲ್ಲಿ ಇಡುತ್ತಿತ್ತು. ಅಂದರೆ ಅದು ಬಾಡಿಗೆಯ ಉಗ್ರಾಣದಲ್ಲಿ ಅಂಗಡಿಯನ್ನಿಟ್ಟ ಚಿಲ್ಲರೆ ವ್ಯಾಪಾರಿ. ತಾನೇ ಯಂತ್ರಗಳನ್ನು ಕಟ್ಟಿಸಿ, ೨೦೧೫ರ ಅಕ್ಟೋಬರ್ ವೇಳೆಗೆ ಗಿರಾಕಿಗಳ ದತ್ತಾಂಶದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ತನ್ನ ಸ್ವಂತ ಕಟ್ಟಡಗಳಿಗೆ ಸಾಗಿಸಿಕೊಂಡಿತು. ಮರುವರ್ಷ ಇದನ್ನು ಪ್ರಕಟಿಸಿದಾಗ ಅದರ ಒಟ್ಟು ಸಂಗ್ರಹವು ೫೦೦ ಪೆಟಾಬೈಟುಗಳನ್ನು ಮೀರಿತ್ತು. ಇಷ್ಟೆಲ್ಲ ನಡೆಯುವಾಗ ಬಳಕೆದಾರರ ಕಡತದ ಹೆಸರಾಗಲಿ, ದಿನಾಂಕವಾಗಲಿ, ಯಾರಿಗೆ ಓದುವ ಅನುಮತಿಯಿದೆ ಎಂಬುದಾಗಲಿ ಬದಲಾಗಲಿಲ್ಲ. ಸ್ಥಳಾಂತರವು ತಾಂತ್ರಿಕವಾಗಿ ಅಸಾಧ್ಯವೆಂಬ ವಾದಕ್ಕೆ ಈ ಒಂದು ಸಂಗತಿಯೇ ಸಾಕಾದಷ್ಟು ಉತ್ತರವೆಂದು ನಾವು ತಿಳಿಯುತ್ತೇವೆ. ವ್ಯತ್ಯಾಸವಿಷ್ಟೇ: ಇಲ್ಲಿ ಹೊರಡುವವನೂ ಹಾದಿಯ ಖರ್ಚನ್ನು ಕೊಡುವವನೂ ಲೆಕ್ಕದ ಪುಸ್ತಕವನ್ನು ಹಿಡಿದವನೂ ಒಬ್ಬನೇ ಆಗಿದ್ದನು.

ಇನ್ನು ಸಾಗಣೆದಾರರ ವಿಷಯ. ಮೂರನೆಯವನೊಬ್ಬನು ನಮ್ಮ ಪರವಾಗಿ ಉಗ್ರಾಣದ ಬಾಗಿಲನ್ನು ತೆರೆಯಬೇಕಾದರೆ ಕೀಲಿಕೈಯನ್ನು, ಎಂದರೆ ಗುಪ್ತಪದವನ್ನು, ಅವನ ಕೈಗೆ ಕೊಡುವುದು ಅಪಾಯಕರ. ಈ ತೊಡಕನ್ನು ಬಿಡಿಸಿದುದು ‘ಓಆಥ್’ ಎಂಬ ವಿಧಾನ. ಅದರ ಎರಡನೆಯ ಆವೃತ್ತಿಯು ೨೦೧೨ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಕೀಲಿಕೈಯ ಬದಲು ಇದು ಒಂದು ರಹದಾರಿಯನ್ನು ಕೊಡುತ್ತದೆ; ಬೇಡವೆನಿಸಿದಾಗ ಅದನ್ನು ರದ್ದು ಮಾಡಬಹುದು. ಇಂತಹ ರಹದಾರಿಗಳನ್ನು ಹಿಡಿದು ಹಲವು ಉಗ್ರಾಣಗಳಲ್ಲಿ ಓಡಾಡುವ ತಂತ್ರಾಂಶಗಳಲ್ಲಿ ನಿಕ್ ಕ್ರೇಗ್-ವುಡ್ ಎಂಬವರು ೨೦೧೨ರಲ್ಲಿ ಬರೆಯತೊಡಗಿದ ‘ಆರ್‌ಕ್ಲೋನ್’ ಬಹಳ ಪ್ರಸಿದ್ಧವಾಗಿದೆ. ಇದು ಎಲ್ಲರಿಗೂ ಉಚಿತವಾಗಿ ದೊರೆಯುವ, ಇದರ ಒಳರಚನೆಯನ್ನು ಯಾರು ಬೇಕಾದರೂ ಓದಬಹುದಾದ ತಂತ್ರಾಂಶ.

ರಹದಾರಿಯನ್ನು ಕೊಟ್ಟವನೇ ಹಿಂದಕ್ಕೆ ತೆಗೆದುಕೊಳ್ಳಬಲ್ಲನೆಂಬುದು ೨೦೧೭ರಲ್ಲಿ ವ್ಯಕ್ತವಾಯಿತು. ಅಮೆಜಾನ್ ಸಂಸ್ಥೆಯು ಸಾಮಾನ್ಯ ಬಳಕೆದಾರರಿಗಾಗಿ ನಡೆಸುತ್ತಿದ್ದ ಅಮೆಜಾನ್ ಡ್ರೈವ್ ಎಂಬ ಉಗ್ರಾಣವು ೨೦೧೫ರಲ್ಲಿ ವರ್ಷಕ್ಕೆ ಸುಮಾರು ೬೦ ಡಾಲರುಗಳಿಗೆ ಅಪರಿಮಿತ ಸ್ಥಳವನ್ನು ಕೊಡುವುದಾಗಿ ಸಾರಿತ್ತು. ೨೦೧೭ರ ಮೇ ತಿಂಗಳಲ್ಲಿ ಅದು ಆರ್‌ಕ್ಲೋನಿಗೆ ಪ್ರವೇಶವನ್ನು ನಿರಾಕರಿಸಿತು. ಮರುತಿಂಗಳು ಅಪರಿಮಿತವೆಂಬ ಯೋಜನೆಯನ್ನೇ ಕೈಬಿಟ್ಟು, ಅಷ್ಟೇ ಹಣಕ್ಕೆ ಒಂದು ಟೆರಾಬೈಟು ಮಾತ್ರ ಎಂದಿತು. ಹೊರಡಬೇಕಾದ ಹೊತ್ತಿಗೆ ಸರಿಯಾಗಿ ಗಾಡಿಯು ಊರ ಬಾಗಿಲಲ್ಲಿ ನಿಂತಂತಾಯಿತು. ಒಂದರ ಹಿಂದೆ ಒಂದು ನಡೆದುದರಿಂದ ಎರಡನೆಯದಕ್ಕಾಗಿಯೇ ಮೊದಲನೆಯದನ್ನು ಮಾಡಿದರೆಂದು ನಾವು ಹೇಳುವುದಿಲ್ಲ. ಆ ತಂತ್ರಾಂಶದ ಗುರುತಿನ ಗುಟ್ಟು ಬಹಿರಂಗವಾಗಿದ್ದುದು ಆಗ ಚರ್ಚೆಯಲ್ಲಿದ್ದ ಕಾರಣ. ಕೊನೆಗೆ ಅಮೆಜಾನ್ ಡ್ರೈವ್ ೨೦೨೩ರ ಡಿಸೆಂಬರ್ ೩೧ರಂದು ಮುಚ್ಚಿತು.

ಅತ್ಯಂತ ಭಾರಿಯಾದ ಸಾಗಣೆಗಳು ತಂತಿಯ ಮೇಲೆ ಸಾಗದೆ ರಸ್ತೆಗೆ ಇಳಿದುದೂ ಉಂಟು. ೨೦೧೬ರ ನವೆಂಬರಿನಲ್ಲಿ ಅಮೆಜಾನ್ ೪೫ ಅಡಿ ಉದ್ದದ ಪೆಟ್ಟಿಗೆಯನ್ನು ಎಳೆಯುವ ಒಂದು ಲಾರಿಯನ್ನು ಸಭಾಮಂಟಪದೊಳಕ್ಕೇ ತಂದು ಪ್ರದರ್ಶಿಸಿತು. ಅದರಲ್ಲಿ ೧೦೦ ಪೆಟಾಬೈಟು ಹಿಡಿಸುತ್ತಿತ್ತು. ಅಷ್ಟನ್ನು ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದಲ್ಲಿ ಕಳುಹಿಸಿದರೆ ೨೫ ವರ್ಷಗಳಾಗುತ್ತವೆ. ಈ ಲಾರಿಯ ಸೇವೆಯು ೨೦೨೪ರಲ್ಲಿ ನಿಂತಿತು. ಅದು ಗಿರಾಕಿಯ ಕಟ್ಟಡದಿಂದ ಅಮೆಜಾನಿನ ಕಡೆಗೆ ಹೊರೆಯನ್ನು ಒಯ್ಯಲು ಕಟ್ಟಿದ ಲಾರಿಯೆಂಬುದನ್ನು ಗಮನಿಸಬೇಕು.

ಪ್ರತಿಗೆ ಬಾರದೆ ಉಳಿಯುವುದೇನು ಎಂಬ ಮೊದಲಿನ ಪ್ರಶ್ನೆಗೆ ಈಗ ಬರುತ್ತೇವೆ. ಕಡತದ ಬೈಟುಗಳು ಸಾಮಾನ್ಯವಾಗಿ ನಷ್ಟವಾಗುವುದಿಲ್ಲ. ಅವು ಸರಿಯಾಗಿ ಬಂದುವೆಂದು ತಾಳೆ ನೋಡುವುದೇ ತೊಡಕಿನ ಕೆಲಸ. ಪ್ರತಿಯೊಂದು ಕಡತದಿಂದಲೂ ಗಣಿತಕ್ರಮದಿಂದ ಒಂದು ಸಣ್ಣ ಸಂಖ್ಯೆಯನ್ನು ತೆಗೆಯಬಹುದು. ಎರಡು ಕಡೆಯಲ್ಲಿಯೂ ಅದೇ ಸಂಖ್ಯೆ ಬಂದರೆ ಕಡತವು ಒಂದೇ ಎಂದು ನಿಶ್ಚಯಿಸುತ್ತಾರೆ. ಆದರೆ ಗೂಗಲ್ ಡ್ರೈವ್ ಈ ಸಂಖ್ಯೆಯನ್ನು ‘ಎಂಡಿ೫’ ಎಂಬ ಕ್ರಮದಿಂದ ಕೊಡುತ್ತದೆ; ಡ್ರಾಪ್‌ಬಾಕ್ಸ್ ಕಡತವನ್ನು ನಾಲ್ಕು ನಾಲ್ಕು ಮೆಗಾಬೈಟುಗಳ ತುಂಡು ಮಾಡಿ ತನ್ನದೇ ಕ್ರಮದಿಂದ ಕೊಡುತ್ತದೆ; ಒನ್‌ಡ್ರೈವಿನ ಕ್ರಮವು ಮೂರನೆಯದು. ನಮ್ಮ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ಇಂತಹ ಗಳೆಯಿಂದ ಅಳೆದುದೆಂದು ಗಳೆಯ ಹೆಸರನ್ನು ಹೇಳುವುದುಂಟು. ಒಂದು ಸೀಮೆಯ ಗಳೆಯು ಇನ್ನೊಂದರ ಗಳೆಗೆ ಸಮನಾಗಿರಲಿಲ್ಲವಾದುದರಿಂದ ಹಾಗೆ ಹೇಳಬೇಕಾಯಿತು. ಇಲ್ಲಿಯೂ ಹಾಗೆಯೇ, ಗಳೆಗಳು ಬೇರೆಯಾಗಿರುವುದರಿಂದ ಕಡತವನ್ನು ಪುನಃ ಇಳಿಸಿಕೊಂಡು ನಾವೇ ಅಳೆದು ನೋಡದ ಹೊರತು ಖಚಿತವಾಗಿ ಹೇಳಲಾಗುವುದಿಲ್ಲ.

ಹೆಸರುಗಳ ವಿಷಯವೂ ಹೀಗೆಯೇ. ಗೂಗಲ್ ಡ್ರೈವ್ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳಿರಲು ಅವಕಾಶ ಕೊಡುತ್ತದೆ, ಉಳಿದವು ಕೊಡುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯಾಗಲಿ ನಕ್ಷತ್ರ ಚಿಹ್ನೆಯಾಗಲಿ ಇರುವ ಹೆಸರನ್ನು ಒನ್‌ಡ್ರೈವ್ ಒಪ್ಪುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತಗಳಿಗೆ ಇನ್ನೂ ಸೂಕ್ಷ್ಮವಾದ ಒಂದು ತೊಂದರೆಯಿದೆ. ‘ಕೋಟೆ’ ಎಂಬ ಪದದ ಮೊದಲನೆಯ ಅಕ್ಷರದಲ್ಲಿರುವ ಓಕಾರದ ಗುರುತಿಗೆ ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವುಂಟು. ಅದನ್ನೇ ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿ ಬರೆಯುವುದಕ್ಕೂ ಆ ಪದ್ಧತಿಯು ಒಪ್ಪುತ್ತದೆ. ಕಣ್ಣಿಗೆ ಎರಡೂ ಒಂದೇ. ೧೯೯೮ರಲ್ಲಿ ಬಂದ ಆಪಲ್ ಯಂತ್ರಗಳ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿತ್ತು; ವಿಂಡೋಸ್ ಯಂತ್ರದಲ್ಲಿ ಕೀಲಿಮಣೆಯು ಕೊಟ್ಟ ರೂಪವೇ ಉಳಿಯುತ್ತದೆ. ಎರಡು ಕಡೆಯಿಂದಲೂ ಒಂದೇ ಉಗ್ರಾಣಕ್ಕೆ ಕಡತಗಳು ಬಂದಾಗ ‘ಕೋಟೆ’ ಎಂಬ ಎರಡು ಕಡತಗಳು ಪಕ್ಕಪಕ್ಕದಲ್ಲಿ ಕುಳಿತಿರುವ ಸಂಭವವಿದೆ. ಯಾವುದು ಹೊಸದು, ಯಾವುದು ಹಳೆಯದು ಎಂದು ಹೇಳಲು ಹೆಸರಿನಿಂದ ಸಾಧ್ಯವಿಲ್ಲ. ಆರ್‌ಕ್ಲೋನ್ ಇಂತಹ ಹೆಸರುಗಳನ್ನು ಸಮೀಕರಿಸಿ ಹೋಲಿಸುತ್ತದೆಂಬುದು ಅದರ ಒಂದು ಹಿರಿಮೆ. ಯೂನಿಕೋಡಿಗೆ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಪ್ರಬಂಧಗಳ ಪಾಡು ಬೇರೊಂದು ಬಗೆಯದು. ಅವುಗಳ ಒಂದು ಬೈಟೂ ಕಳೆಯದಂತೆ ಸಾಗಿಸಬಹುದು. ಆ ಅಕ್ಷರವಿನ್ಯಾಸವಿಲ್ಲದ ಕಡೆ ತೆರೆದರೆ ರೋಮನ್ ಅಕ್ಷರಗಳ ಕಗ್ಗವು ಕಾಣುತ್ತದೆ.

ಇವೆಲ್ಲಕ್ಕೂ ಮಿಗಿಲಾದ ನಷ್ಟವು ಕಡತದ ಸುತ್ತಣ ಸಂಬಂಧಗಳದು. ಗೂಗಲ್ಲಿನ ‘ಡಾಕ್ಸ್’ ಬರಹಗಳು ನಿಜವಾಗಿ ಕಡತಗಳೇ ಅಲ್ಲ. ಅವು ಆ ಉಗ್ರಾಣದಲ್ಲಿ ಮಾತ್ರ ಜೀವಿಸುವ ದಾಖಲೆಗಳು. ಹೊರಗೆ ತರಬೇಕಾದರೆ ಇನ್ನೊಂದು ರೂಪಕ್ಕೆ ಪರಿವರ್ತಿಸಬೇಕು, ಪರಿವರ್ತಿಸಿದಾಗ ಯಾರು ಯಾವ ದಿನ ಯಾವ ವಾಕ್ಯವನ್ನು ತಿದ್ದಿದರೆಂಬ ಪೂರ್ವೇತಿಹಾಸವು ಜೊತೆಯಲ್ಲಿ ಬರುವುದಿಲ್ಲ. ಯಾರೊಡನೆ ಹಂಚಿಕೊಂಡಿತ್ತೆಂಬುದೂ ಹಿಂದೆಯೇ ಉಳಿಯುವುದುಂಟು. ದಾಖಲೆಗಳನ್ನು ಅವುಗಳನ್ನು ಸೃಷ್ಟಿಸಿದ ಕಚೇರಿಯ ಸಮೂಹದಿಂದ ಬೇರ್ಪಡಿಸಬಾರದೆಂಬ ತತ್ತ್ವವನ್ನು ಫ್ರಾನ್ಸಿನ ಒಳಾಡಳಿತ ಮಂತ್ರಾಲಯವು ೧೮೪೧ರ ಸುತ್ತೋಲೆಯಲ್ಲಿ ವಿಧಿಸಿತು; ಅಂದಿನಿಂದ ಪತ್ರಾಗಾರಗಳು ಅದನ್ನು ಮೂಲಸೂತ್ರವಾಗಿ ಪಾಲಿಸುತ್ತ ಬಂದಿವೆ. ಒಬ್ಬ ಅಧ್ಯಾಪಕರೂ ಅವರ ವಿದ್ಯಾರ್ಥಿಯೂ ಕೂಡಿ ನಾಲ್ಕು ವರ್ಷ ತಿದ್ದಿದ ಒಂದು ಪಾಠಪರಿಷ್ಕರಣವು ಹೊಸ ಉಗ್ರಾಣದಲ್ಲಿ ಸಾಗಿಸಿದ ದಿನದ ತಾರೀಖನ್ನು ಹೊತ್ತು, ಸಾಗಿಸಿದವನ ಹೆಸರಿನಲ್ಲಿ ನಿಂತಿದ್ದರೆ ಮುಂದಿನ ಸಂಶೋಧಕನು ಅದರ ಕಾಲವನ್ನೂ ಕರ್ತೃತ್ವವನ್ನೂ ನಿರ್ಣಯಿಸುವುದು ಹೇಗೆ?

ದಾರಿ ತೆರೆದ ರೀತಿಯನ್ನು ಈಗ ವಿಚಾರಿಸಬಹುದು. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮವು ೨೦೧೮ರ ಮೇ ೨೫ರಿಂದ ಅನ್ವಯವಾಯಿತು. ವ್ಯಕ್ತಿಯು ತಾನು ಒದಗಿಸಿದ ದತ್ತಾಂಶವನ್ನು ಯಂತ್ರವು ಓದಬಲ್ಲ ರೂಪದಲ್ಲಿ ಪಡೆಯುವ, ಸಾಧ್ಯವಿದ್ದಲ್ಲಿ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ನೇರವಾಗಿ ಕಳುಹಿಸಿಕೊಳ್ಳುವ ಹಕ್ಕನ್ನು ಅದರ ೨೦ನೆಯ ವಿಧಿಯು ಕೊಡುತ್ತದೆ. ಎರಡು ತಿಂಗಳೊಳಗೆ, ಜುಲೈ ೨೦೧೮ರಲ್ಲಿ, ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟರ್ ಸಂಸ್ಥೆಗಳು ಸೇರಿ ನೇರ ವರ್ಗಾವಣೆಯ ಒಂದು ಯೋಜನೆಯನ್ನು ಪ್ರಕಟಿಸಿದವು; ಮರುವರ್ಷ ಆಪಲ್ ಸೇರಿಕೊಂಡಿತು. ೨೦೨೧ರಲ್ಲಿ ಐಕ್ಲೌಡಿನಿಂದ ಗೂಗಲ್ಲಿಗೆ, ೨೦೨೪ರಲ್ಲಿ ಗೂಗಲ್ಲಿನಿಂದ ಐಕ್ಲೌಡಿಗೆ ಛಾಯಾಚಿತ್ರಗಳು ಮನೆಯ ಯಂತ್ರಕ್ಕೆ ಇಳಿಯದೆ ನೇರವಾಗಿ ಹೋಗುವಂತಾಯಿತು.

ಸಗಟು ಉಗ್ರಾಣಗಳಲ್ಲಿ ತಡೆಯು ಸುಂಕದ ರೂಪದಲ್ಲಿತ್ತು. ದತ್ತಾಂಶವನ್ನು ಒಳಗೆ ತರಲು ಶುಲ್ಕವಿಲ್ಲ. ಹೊರಗೊಯ್ಯಲು ಅಮೆಜಾನಿನ ಅಮೆರಿಕದ ಉಗ್ರಾಣಗಳಲ್ಲಿ ಗಿಗಾಬೈಟಿಗೆ ಸುಮಾರು ೯ ಸೆಂಟುಗಳ ದರವಿದ್ದಿತು. ಒಂದು ಟೆರಾಬೈಟಿಗೆ ಸುಮಾರು ೯೦ ಡಾಲರುಗಳಾದುವು. ನೂರು ಟೆರಾಬೈಟುಗಳಿಗೆ ಎಷ್ಟೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು. ಐರೋಪ್ಯ ಒಕ್ಕೂಟದ ದತ್ತಾಂಶ ಅಧಿನಿಯಮವು ೨೦೨೪ರ ಜನವರಿ ೧೧ರಂದು ಜಾರಿಗೆ ಬಂದಿತು. ಅದೇ ತಿಂಗಳು ಗೂಗಲ್, ಮಾರ್ಚ್ ತಿಂಗಳಲ್ಲಿ ಅಮೆಜಾನ್ ಮತ್ತು ಮೈಕ್ರೋಸಾಫ್ಟ್, ಪೂರ್ತಿಯಾಗಿ ಬಿಟ್ಟುಹೋಗುವ ಗಿರಾಕಿಗಳಿಗೆ ಈ ಸುಂಕವನ್ನು ಮನ್ನಾ ಮಾಡಿದವು. ಅಧಿನಿಯಮವು ೨೦೨೫ರ ಸೆಪ್ಟೆಂಬರ್ ೧೨ರಿಂದ ಅನ್ವಯವಾಯಿತು. ಉಗ್ರಾಣವನ್ನು ಬದಲಿಸುವುದಕ್ಕೆ ಶುಲ್ಕ ವಿಧಿಸುವುದನ್ನು ಅದು ೨೦೨೭ರ ಜನವರಿ ೧೨ರಿಂದ ನಿಷೇಧಿಸುತ್ತದೆ. ಯಂತ್ರಗಳಲ್ಲಿ ಆ ಮೂರು ತಿಂಗಳುಗಳಲ್ಲಿ ಯಾವ ಹೊಸ ಶೋಧವೂ ಆಗಿರಲಿಲ್ಲ.

ಭಾರತದ ವಿದ್ಯಾಸಂಸ್ಥೆಗಳಿಗೆ ಈ ಪ್ರಶ್ನೆಯು ದೂರದ್ದಲ್ಲ. ಗೂಗಲ್ ಶಿಕ್ಷಣಸಂಸ್ಥೆಗಳಿಗೆ ಉಚಿತವಾಗಿ ಕೊಡುತ್ತಿದ್ದ ಅಪರಿಮಿತ ಸ್ಥಳವನ್ನು ನಿಲ್ಲಿಸುವುದಾಗಿ ೨೦೨೧ರ ಫೆಬ್ರವರಿಯಲ್ಲಿ ಪ್ರಕಟಿಸಿ, ಸಂಸ್ಥೆಯೊಂದಕ್ಕೆ ಒಟ್ಟು ೧೦೦ ಟೆರಾಬೈಟೆಂಬ ಮಿತಿಯನ್ನು ೨೦೨೨ರ ಜುಲೈಯಿಂದ ಹಳೆಯ ಗಿರಾಕಿಗಳಿಗೂ ವಿಧಿಸಿತು. ಸಾವಿರಾರು ವಿದ್ಯಾರ್ಥಿಗಳಿರುವ ವಿಶ್ವವಿದ್ಯಾನಿಲಯಕ್ಕೆ ಇದು ತಲೆಗೆ ಕೆಲವೇ ಗಿಗಾಬೈಟುಗಳಾಯಿತು. ವಿದ್ಯಾರ್ಥಿಯು ಪದವಿ ಪಡೆದು ಹೊರಟಾಗ, ಅಧ್ಯಾಪಕರು ನಿವೃತ್ತರಾದಾಗ, ಖಾತೆಯು ಮುಚ್ಚುವುದು ವಾಡಿಕೆ. ಸ್ಥಳಾಂತರವು ಅವರಿಗೆ ಇಚ್ಛೆಯ ಮಾತಲ್ಲ. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿಯು ೨೦೧೮ರಲ್ಲಿ ಸಲ್ಲಿಸಿದ ಕರಡಿನಲ್ಲಿ ದತ್ತಾಂಶವನ್ನು ಒಯ್ಯುವ ಹಕ್ಕು ಇದ್ದಿತು. ೨೦೧೯ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯಲ್ಲಿಯೂ ಇದ್ದಿತು. ಆ ಮಸೂದೆಯನ್ನು ೨೦೨೨ರ ಆಗಸ್ಟಿನಲ್ಲಿ ಹಿಂದಕ್ಕೆ ಪಡೆದರು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಗೆ ತನ್ನ ದತ್ತಾಂಶದ ಸಾರಾಂಶವನ್ನು ಕೇಳುವ, ತಿದ್ದಿಸುವ, ಅಳಿಸುವ ಹಕ್ಕುಗಳನ್ನು ಕೊಡುತ್ತದೆ. ತನ್ನ ಮರಣಾನಂತರ ಈ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವುದಕ್ಕೂ ಅವಕಾಶ ಕೊಡುತ್ತದೆ. ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಅದನ್ನು ಒಯ್ಯುವ ಹಕ್ಕಿನ ಮಾತು ಅದರಲ್ಲಿಲ್ಲ.